ಬರೆದು ಕೊಡಿ ಎಂದ ವಾಷಿಂಗ್ಟನ್

ನಮ್ಮ ಶಾಲೆಯ ಕಚೇರಿಯಲ್ಲಿ ಎರಡು ದಪ್ಪ ಪುಸ್ತಕಗಳಿವೆ. ಒಂದು ಬಂದ ತಪಾಲಿನದ್ದು, ಇನ್ನೊಂದು ಕಳುಹಿಸಿದ ತಪಾಲಿನದ್ದು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಕೆಲಸ ಮಾಡುವವರಿಗೆ ಈ ಪುಸ್ತಕಗಳ ಬೆಲೆ ಚೆನ್ನಾಗಿ ಗೊತ್ತು. ಕೆಲವು ವರ್ಷಗಳ ಹಿಂದೆ ನಮಗೊಂದು ಕನ್ನಡ ಅಧ್ಯಾಪಕರ ಹುದ್ದೆ ಸಿಗುತ್ತದೆಂದು ಮೇಲಿನ ಕಚೇರಿಯೊಂದರಿಂದ ಫೋನಿನಲ್ಲಿ ಹೇಳಿದರು. ನಾವು ನಂಬಿ ಕುಳಿತೆವು. ಜೂನ್ ತಿಂಗಳು ಬಂತು, ಹುದ್ದೆ ಬರಲಿಲ್ಲ. ಹೋಗಿ ಕೇಳಿದರೆ, "ಹಾಗೆ ಯಾರು ಹೇಳಿದ್ದು? ಕಾಗದ ಇದೆಯಾ?" ಎಂಬ ಮರುಪ್ರಶ್ನೆ. ಕಾಗದ ಇರಲಿಲ್ಲ.

ಅಮೆರಿಕದ ಸ್ವಾತಂತ್ರ್ಯ ಸಮರದ ಪಾಠ ಮಾಡುವಾಗಲೆಲ್ಲ ನಮಗೆ ಈ ಸಂಗತಿ ನೆನಪಾಗುತ್ತದೆ. ಅಲ್ಲಿನ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರನ್ನು ನಮ್ಮ ಮಕ್ಕಳು ಕುದುರೆ ಏರಿದ ದಂಡನಾಯಕನಾಗಿ ಬಲ್ಲರು. ಕಾಗದ ಬರೆಸಿ, ಕಾಗದ ಓದಿ ಎಂಟು ವರ್ಷ ಸರ್ಕಾರ ನಡೆಸಿದ ವಾಷಿಂಗ್ಟನ್ ಬಗ್ಗೆ ಪಠ್ಯಪುಸ್ತಕದಲ್ಲಿ ಹೆಚ್ಚಿಗೆ ಇಲ್ಲ. ಆದ್ದರಿಂದ ಈ ಬರಹ.

ಸಂವಿಧಾನದ ಒಂದು ಸಾಲು

1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನದಲ್ಲಿ 'ಕ್ಯಾಬಿನೆಟ್' ಎಂಬ ಪದವೇ ಇಲ್ಲ. ಅದರ ಎರಡನೇ ವಿಧಿಯಲ್ಲಿ ಒಂದು ಚಿಕ್ಕ ಮಾತಿದೆ. ಪ್ರತಿಯೊಂದು ಇಲಾಖೆಯ ಮುಖ್ಯಾಧಿಕಾರಿಯಿಂದ ಅವರ ಕೆಲಸಕ್ಕೆ ಸಂಬಂಧಿಸಿದ ವಿಷಯದಲ್ಲಿ ಅಧ್ಯಕ್ಷರು ಲಿಖಿತ ಅಭಿಪ್ರಾಯ ಕೇಳಬಹುದು ಎಂದು. ನಮ್ಮಲ್ಲಿ 74ನೇ ವಿಧಿಯಂತೆ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಅಲ್ಲಿ ಹಾಗಲ್ಲ. ಸಲಹೆ ಎಲ್ಲರದು, ತೀರ್ಮಾನ ಅಧ್ಯಕ್ಷರದು. ಮಕ್ಕಳು ಪರೀಕ್ಷೆಯಲ್ಲಿ ಇದನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವುದುಂಟು!

ಈ ಸಾಲಿನ ಬಗ್ಗೆ ಆಗಲೇ ಎರಡು ಮಾತು ಕೇಳಿಬಂದಿತ್ತು. ಅಲೆಗ್ಸಾಂಡರ್ ಹ್ಯಾಮಿಲ್ಟನ್ ಇದು ಅನಗತ್ಯ, ಆ ಅಧಿಕಾರ ಹುದ್ದೆಯಲ್ಲೇ ಅಡಗಿದೆ ಎಂದು ಬರೆದರು. ಉತ್ತರ ಕೆರೊಲಿನಾದ ಜೇಮ್ಸ್ ಇರೆಡೆಲ್ ಮಾತ್ರ 1788ರಲ್ಲಿ ಇದನ್ನು ಸಮರ್ಥಿಸಿದರು. ಅಭಿಪ್ರಾಯವನ್ನು ಬರೆದೇ ಕೊಡಬೇಕೆಂದಾದರೆ ಅಧಿಕಾರಿಗಳು ಎಚ್ಚರದಿಂದ ಹೇಳುತ್ತಾರೆ, ಕೆಟ್ಟ ಸಲಹೆ ಕೊಟ್ಟರೆ ಹೊಣೆಯನ್ನೂ ಹೊರಬೇಕಾಗುತ್ತದೆ ಎಂಬುದು ಅವರ ವಾದ. ಯಾರು ಸರಿ ಎಂಬುದು ಮೂರೇ ವರ್ಷಗಳಲ್ಲಿ ಗೊತ್ತಾಯಿತು.

ಬ್ಯಾಂಕಿನ ಜಗಳ

1789ರ ಏಪ್ರಿಲ್ 30ರಂದು ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡರು. ಹ್ಯಾಮಿಲ್ಟನ್ ಖಜಾನೆಗೆ, ಥಾಮಸ್ ಜೆಫರ್ಸನ್ ವಿದೇಶಾಂಗಕ್ಕೆ, ಹೆನ್ರಿ ನಾಕ್ಸ್ ಯುದ್ಧ ಇಲಾಖೆಗೆ ಕಾರ್ಯದರ್ಶಿಗಳಾದರು. ಎಡ್ಮಂಡ್ ರಾಂಡಾಲ್ಫ್ ಅಟಾರ್ನಿ ಜನರಲ್. ಇಷ್ಟೇ ಜನ.

1791ರ ಫೆಬ್ರವರಿಯಲ್ಲಿ ಒಂದು ರಾಷ್ಟ್ರೀಯ ಬ್ಯಾಂಕಿನ ಮಸೂದೆ ಅಧ್ಯಕ್ಷರ ಮೇಜಿಗೆ ಬಂತು. ಬಂಡವಾಳ 1 ಕೋಟಿ ಡಾಲರ್, ಅವಧಿ 20 ವರ್ಷ. ಯೋಜನೆ ಹ್ಯಾಮಿಲ್ಟನ್ ಅವರದು. ಆದರೆ ಬ್ಯಾಂಕು ತೆರೆಯುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿಯೂ ಬರೆದಿಲ್ಲ. ಅಂಕಿತ ಹಾಕಲು ಅಥವಾ ಹಿಂದಿರುಗಿಸಲು ಭಾನುವಾರ ಬಿಟ್ಟು ಹತ್ತು ದಿನ ಮಾತ್ರ ಕಾಲಾವಕಾಶ.

ವಾಷಿಂಗ್ಟನ್ ಮೊದಲು ರಾಂಡಾಲ್ಫ್ ಮತ್ತು ಜೆಫರ್ಸನ್ ಅವರಿಂದ ಲಿಖಿತ ಅಭಿಪ್ರಾಯ ತರಿಸಿಕೊಂಡರು. ಇಬ್ಬರೂ ಇದು ಸಂವಿಧಾನಕ್ಕೆ ವಿರುದ್ಧ ಎಂದರು. 'ಅಗತ್ಯ' ಎಂದರೆ ಅಗತ್ಯವೇ ಹೊರತು 'ಅನುಕೂಲ' ಎಂದಲ್ಲ ಎಂಬುದು ಜೆಫರ್ಸನ್ ಹಿಡಿದ ಹಠ. ಫೆಬ್ರವರಿ 16ರಂದು ವಾಷಿಂಗ್ಟನ್ ಈ ಎರಡೂ ಕಾಗದಗಳನ್ನು ಹ್ಯಾಮಿಲ್ಟನ್ ಅವರಿಗೆ ಕಳುಹಿಸಿ, ಇದಕ್ಕೆ ನಿಮ್ಮ ಉತ್ತರ ಬರೆಯಿರಿ ಎಂದರು. ನೋಡಿ, ಇಲ್ಲಿ ಯಾರ ಕಿವಿಯಲ್ಲೂ ಗುಟ್ಟು ಹೇಳುವುದಿಲ್ಲ. ವಿರೋಧಿಯ ಮಾತು ಅವರದೇ ಅಕ್ಷರಗಳಲ್ಲಿ ಎದುರಿಗಿದೆ. ಫೆಬ್ರವರಿ 23ರಂದು ಬಹಳ ಉದ್ದದ ಉತ್ತರ ಬಂತು. ಗುರಿ ಸಂವಿಧಾನಕ್ಕೆ ಒಪ್ಪಿಗೆಯಾಗಿದ್ದರೆ, ನಿಷೇಧವಿಲ್ಲದ ದಾರಿಯೂ ಒಪ್ಪಿಗೆಯೇ ಎಂಬುದು ಅದರ ಸಾರ. 25ರಂದು ವಾಷಿಂಗ್ಟನ್ ಅಂಕಿತ ಹಾಕಿದರು. 1819ರಲ್ಲಿ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ತಮ್ಮ ಪ್ರಸಿದ್ಧ ತೀರ್ಪಿನಲ್ಲಿ ಇದೇ ವಾದವನ್ನು ಎತ್ತಿ ಹಿಡಿದರು. ಅನಗತ್ಯ ಎಂದು ತಾವೇ ಹೇಳಿದ್ದ ಸಾಲಿನಿಂದಲೇ ಹ್ಯಾಮಿಲ್ಟನ್ ಅವರ ಈ ಪ್ರಸಿದ್ಧ ಪತ್ರ ಹುಟ್ಟಿತು!

ಒಂದೇ ದಿನದ ಎರಡು ಉತ್ತರ

ಕಾಗದದಿಂದ ಎಲ್ಲವೂ ಸರಿಹೋಗುತ್ತದೆಯೇ? ಇಲ್ಲ. 1792ರ ಹೊತ್ತಿಗೆ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ನಡುವಿನ ವಿರಸ ಪತ್ರಿಕೆಗಳಿಗೆ ಬಂದಿತ್ತು. ಒಬ್ಬರು ಸುಳ್ಳು ಹೆಸರಿನಲ್ಲಿ ಲೇಖನ ಬರೆಯುತ್ತಿದ್ದರು. ಇನ್ನೊಬ್ಬರು ವಿರೋಧಿ ಪತ್ರಿಕೆಯ ಸಂಪಾದಕರಿಗೆ ತಮ್ಮ ಇಲಾಖೆಯಲ್ಲೇ ವರ್ಷಕ್ಕೆ 250 ಡಾಲರಿನ ಅನುವಾದಕ ಕೆಲಸ ಕೊಟ್ಟಿದ್ದರು. ವಾಷಿಂಗ್ಟನ್ ಆಗಸ್ಟ್ 23ರಂದು ಜೆಫರ್ಸನ್‌ಗೂ 26ರಂದು ಹ್ಯಾಮಿಲ್ಟನ್‌ಗೂ ಪತ್ರ ಬರೆದು, ಒಬ್ಬರನ್ನೊಬ್ಬರು ಸ್ವಲ್ಪ ಸಹಿಸಿಕೊಳ್ಳಿ ಎಂದು ಬೇಡಿಕೊಂಡರು. ಮನೆಯ ಹಿರಿಯರು ದಾಯಾದಿಗಳಿಗೆ ಬುದ್ಧಿ ಹೇಳುವ ಧಾಟಿ ಅದು.

ಇಬ್ಬರ ಉತ್ತರವೂ ಒಂದೇ ತಾರೀಖಿನದು, ಸೆಪ್ಟೆಂಬರ್ 9. ಇಬ್ಬರೂ ತಪ್ಪನ್ನು ಮತ್ತೊಬ್ಬರ ಮೇಲೆ ಹೊರಿಸಿದರು. ಶಾಂತಿ ಬರಲಿಲ್ಲ. 1793ರ ಕೊನೆಯ ದಿನ ಜೆಫರ್ಸನ್ ಹುದ್ದೆ ಬಿಟ್ಟರು. ಆದರೂ ಆ ವರ್ಷದ ಏಪ್ರಿಲ್‌ನಲ್ಲಿ ಯುರೋಪಿನ ಯುದ್ಧದ ವಿಷಯವಾಗಿ ವಾಷಿಂಗ್ಟನ್ 13 ಪ್ರಶ್ನೆಗಳನ್ನು ಬರೆದು ಕಳುಹಿಸಿದಾಗ, ಈ ಇಬ್ಬರೂ ಒಂದೇ ಮೇಜಿನ ಸುತ್ತ ಕುಳಿತಿದ್ದರು. ನಾಲ್ಕೇ ದಿನಗಳಲ್ಲಿ, ಏಪ್ರಿಲ್ 22ಕ್ಕೆ, ಅಮೆರಿಕ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ ಎಂಬ ಘೋಷಣೆ ಹೊರಬಿತ್ತು.

ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ತಿಂಗಳುಗಟ್ಟಲೆ ಊರಿನಲ್ಲಿ ಇರುತ್ತಿದ್ದರು. ಅವರು ಕೇಳಿದ ಪ್ರಶ್ನೆಗಳನ್ನು ಯುದ್ಧ ಕಾರ್ಯದರ್ಶಿ ಮ್ಯಾಕ್‌ಹೆನ್ರಿ, ಆಗ ಯಾವ ಹುದ್ದೆಯಲ್ಲೂ ಇಲ್ಲದ ಹ್ಯಾಮಿಲ್ಟನ್‌ಗೆ ಕಳುಹಿಸಿ ಉತ್ತರ ಬರೆಸಿಕೊಂಡದ್ದೂ ಉಂಟು. 1801ರಲ್ಲಿ ಜೆಫರ್ಸನ್ ಅಧ್ಯಕ್ಷರಾದರು. ನವೆಂಬರ್ 6ರಂದು ಅವರು ತಮ್ಮ ಕಾರ್ಯದರ್ಶಿಗಳಿಗೆ ಒಂದು ಸುತ್ತೋಲೆ ಹೊರಡಿಸಿದರು. ವಾಷಿಂಗ್ಟನ್ ಕಾಲದಲ್ಲಿ ಇಲಾಖೆಗೆ ಬಂದ ಪತ್ರವೂ ಅದಕ್ಕೆ ಸಿದ್ಧವಾದ ಉತ್ತರವೂ ಅಧ್ಯಕ್ಷರ ಕಣ್ಣಿಗೆ ಬಿದ್ದು ಹೋಗುತ್ತಿದ್ದವು, ಹಾಗಾಗಿ ಎಲ್ಲ ಕೆಲಸದ ಹೊಣೆ ಅವರದೇ ಆಗಿತ್ತು, ನಾವೂ ಹಾಗೆಯೇ ಮಾಡೋಣ ಎಂದರು. ಆಡಮ್ಸ್ ಕಾಲದಲ್ಲಿ ಸರ್ಕಾರ ನಾಲ್ವರ ಪಾಲಾಗಿತ್ತು ಎಂದೂ ಸೇರಿಸಿದರು. ಬ್ಯಾಂಕಿನ ವಿಷಯದಲ್ಲಿ ಸೋತವರೇ ಆ ಪದ್ಧತಿಯನ್ನು ಮೆಚ್ಚಿದರು ಎಂಬುದು ಗಮನಿಸಬೇಕಾದ ಮಾತು.

ಯಾರನ್ನು ಕೇಳಲಿಲ್ಲ?

1800ರ ನವೆಂಬರ್‌ನಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಕಡತಗಳು ಸುಟ್ಟುಹೋದವು. ಬೇರೆಯವರ ಬಳಿ ಉಳಿದಿದ್ದ ಪ್ರತಿಗಳಿಂದ ವಿದ್ವಾಂಸರು ಅವನ್ನು ಮತ್ತೆ ಜೋಡಿಸಿದ್ದಾರೆ. ಪ್ರತಿ ಇಟ್ಟುಕೊಳ್ಳುವುದರ ಮಹಿಮೆ ಇದು. ವಾಷಿಂಗ್ಟನ್, ಜೆಫರ್ಸನ್, ಹ್ಯಾಮಿಲ್ಟನ್ ಪತ್ರಗಳನ್ನು ಇಂದು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು.

ಆದರೆ ಇನ್ನೊಂದನ್ನೂ ಹೇಳಬೇಕು. 1790ರ ಜನಗಣತಿಯಂತೆ ಆ ದೇಶದಲ್ಲಿ ಸುಮಾರು 39 ಲಕ್ಷ ಜನ. ಅವರಲ್ಲಿ ಸುಮಾರು 7 ಲಕ್ಷ ಜನ ಗುಲಾಮರು. ವಾಷಿಂಗ್ಟನ್, ಜೆಫರ್ಸನ್ ಇಬ್ಬರೂ ಗುಲಾಮರನ್ನು ಇಟ್ಟುಕೊಂಡಿದ್ದವರೇ. ಆ 7 ಲಕ್ಷ ಜನರನ್ನು 'ನಿಮ್ಮ ಅಭಿಪ್ರಾಯ ಬರೆದು ಕೊಡಿ' ಎಂದು ಯಾರೂ ಕೇಳಲಿಲ್ಲ. ಬೇರೆ ಭಾಷೆಯ ಸುತ್ತೋಲೆಗಳನ್ನು ಓದಿ ಕನ್ನಡದಲ್ಲಿ ಪಾಠ ಮಾಡುವ ನಮ್ಮ ಕಷ್ಟವನ್ನು ಅವರ ಕಷ್ಟಕ್ಕೆ ಹೋಲಿಸಲಾಗದು, ಹೋಲಿಸಲೂ ಬಾರದು. ಆದರೆ ಯಾರ ಅಭಿಪ್ರಾಯ ಕಡತಕ್ಕೆ ಸೇರುತ್ತದೆ, ಯಾರದು ಸೇರುವುದಿಲ್ಲ ಎಂದು ಕೇಳುವುದನ್ನು ನಮ್ಮ ಮಕ್ಕಳು ಕಲಿಯಬೇಕು.

ಈ ವರ್ಷ ಪಾಠ ಮುಗಿದ ಮೇಲೆ ಮಕ್ಕಳಿಂದ ಬ್ಯಾಂಕ್ ಬೇಕೇ ಬೇಡವೇ ಎಂದು ಒಂದು ಪುಟ ಬರೆಸಿದೆವು. ಹೆಸರು, ತಾರೀಖು, ಸಹಿ ಕಡ್ಡಾಯ. ಮರುದಿನ ಒಬ್ಬ ಹುಡುಗ ಬಂದು, "ಸರ್, ನಾನು ಬರೆದದ್ದನ್ನು ಬದಲಾಯಿಸಬಹುದಾ?" ಎಂದು ಕೇಳಿದ. ಬದಲಾಯಿಸು, ಆದರೆ ಹಳೆಯದನ್ನು ಹರಿಯಬೇಡ, ಹೊಸದನ್ನು ಅದರ ಮೇಲಿಟ್ಟು ಪಿನ್ನು ಹಾಕು ಎಂದೆವು.

ಅಂದ ಹಾಗೆ ಆ ಹುದ್ದೆಗಾಗಿ ನಾವು ಮತ್ತೆ ಅರ್ಜಿ ಬರೆದಿದ್ದೇವೆ. ಹುದ್ದೆ ಇನ್ನೂ ಬಂದಿಲ್ಲ. ಅರ್ಜಿಯ ಪ್ರತಿ ಮಾತ್ರ ಈ ಸಲ ನಮ್ಮಲ್ಲಿದೆ, ತಾರೀಖು ಮತ್ತು ಮೊಹರಿನ ಸಮೇತ.