ಬಿಲ್ಟ್-ಇನ್ ಅಥವಾ ಫ್ರೀಸ್ಟ್ಯಾಂಡಿಂಗ್: ಹೈದರಾಬಾದಿನ ಅಡುಗೆಮನೆಗೆ ಯಾವ ಡಿಶ್‌ವಾಷರ್?

ಎರಡು ಬಗೆ, ಒಂದೇ ಹೊಟ್ಟೆ

ಪಾತ್ರೆ ತೊಳೆಯುವ ಯಂತ್ರದ ಒಳಗಿರುವುದು ಎರಡು ಜಾಲರಿ ಬುಟ್ಟಿ, ತಿರುಗುತ್ತ ನೀರು ಚಿಮ್ಮುವ ತೋಳುಗಳು, ಒಂದು ಹೀಟರ್, ಒಂದು ಪಂಪು. ಅಮೆರಿಕದ ಜೋಸೆಫಿನ್ ಕಾಕ್ರನ್ 1886ರಲ್ಲಿ ಪೇಟೆಂಟ್ ಪಡೆದ ಯಂತ್ರವೂ ಪಾತ್ರೆಯನ್ನು ಉಜ್ಜದೆ ನೀರಿನ ಹೊಡೆತದಿಂದಲೇ ತೊಳೆಯುತ್ತಿತ್ತು. ಬಿಲ್ಟ್-ಇನ್, ಫ್ರೀಸ್ಟ್ಯಾಂಡಿಂಗ್ ಎಂಬ ಭೇದವೆಲ್ಲ ಹೊರಮೈಯದು. ಫ್ರೀಸ್ಟ್ಯಾಂಡಿಂಗ್ ಯಂತ್ರಕ್ಕೆ ತನ್ನದೇ ಪಕ್ಕದ ಹಾಳೆಗಳೂ ಮೇಲುಹಲಗೆಯೂ ಇರುತ್ತವೆ. ವಾಷಿಂಗ್ ಮೆಷಿನ್‌ನಂತೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಬಿಲ್ಟ್-ಇನ್ ಕಟ್ಟೆಯ ಕೆಳಗೆ ಸೇರಿಕೊಂಡು, ಬಾಗಿಲಿಗೆ ಬೀರುವಿನ ಹಲಗೆಯನ್ನೇ ಹೊದ್ದು ಮರೆಯಾಗುತ್ತದೆ. ಪೂರ್ತಿ ಮರೆಯಾಗುವ ಮಾದರಿಗಳಲ್ಲಿ ಗುಂಡಿಗಳು ಬಾಗಿಲ ಮೇಲಂಚಿನಲ್ಲಿ ಅಡಗಿರುತ್ತವೆ. ಯಂತ್ರ ಓಡುತ್ತಿದೆಯೋ ಇಲ್ಲವೋ ತಿಳಿಯಲೆಂದು ಕೆಲವು ಕಂಪನಿಗಳು ನೆಲದ ಮೇಲೆ ಒಂದು ಕೆಂಪು ಬೆಳಕಿನ ಚುಕ್ಕಿ ಬೀಳುವಂತೆ ಮಾಡಿವೆ. ಚಂದಕ್ಕಾಗಿ ಇಷ್ಟೆಲ್ಲ ಪಾಡು!

ಮೊದಲು ಅಳತೆಪಟ್ಟಿ

2018ರ ಆಗಸ್ಟಿನಲ್ಲಿ ಭಾರತದ ಮೊದಲ ಐಕಿಯಾ ಮಳಿಗೆ ತೆರೆದದ್ದು ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ. ಮಾಡ್ಯುಲರ್ ಕಿಚನ್ನಿನ ಮೋಹ ಈ ನಗರಕ್ಕೆ ಹೊಸತೇನಲ್ಲ. 2020ರ ಲಾಕ್‌ಡೌನಿನಲ್ಲಿ ಮನೆಗೆಲಸದವರು ಬರುವುದು ನಿಂತಾಗ ಡಿಶ್‌ವಾಷರಿಗೂ ಬೇಡಿಕೆ ಏರಿತು. ಆದರೆ ಅಂಗಡಿಯಲ್ಲಿ ಮೆಚ್ಚಿದ್ದು ಮನೆಯ ಕಟ್ಟೆಯ ಕೆಳಗೆ ಹಿಡಿಸುತ್ತದೆಂಬ ಖಾತರಿಯಿಲ್ಲ.

ಪೂರ್ಣ ಗಾತ್ರದ ಯಂತ್ರದ ಅಗಲ ಸುಮಾರು 60 ಸೆಂಟಿಮೀಟರ್. ಬಿಲ್ಟ್-ಇನ್ ಕೂರಲು ಕಟ್ಟೆಯ ಕೆಳಗೆ ಸುಮಾರು 82 ಸೆಂ.ಮೀ. ಖಾಲಿ ಎತ್ತರ ಬೇಕು. ನಮ್ಮ ಹಳೆಯ ಕಟ್ಟೆಗಳನ್ನು ಮೇಸ್ತ್ರಿಗಳು ಎಷ್ಟೋ ಕಡೆ 32 ಇಂಚಿಗೆ, ಅಂದರೆ 81 ಸೆಂ.ಮೀ.ಗೆ ನಿಲ್ಲಿಸಿದ್ದಾರೆ. ಅದರಲ್ಲಿ ಗ್ರಾನೈಟಿನ ದಪ್ಪ ಎರಡು ಸೆಂ.ಮೀ. ಕಳೆಯಿರಿ, ಉಳಿಯುವುದು 79. ಲೆಕ್ಕ ಅಲ್ಲಿಗೇ ಮುಗಿಯಿತು. ಕನ್ನಡಿಗರು ಹಿಂದಿನಿಂದ ನೆಲೆಸಿರುವ ಕಾಚಿಗುಡದಂಥ ಕಡೆಯ ಹಳೆಯ ಮನೆಗಳಲ್ಲಾದರೆ ಕಟ್ಟೆಯನ್ನು ಹೊತ್ತುಕೊಂಡ ಕಡಪ ಕಲ್ಲುಗಳೂ ಅಡ್ಡ ಬರುತ್ತವೆ. ಅವನ್ನು ಕೊಯ್ಯಿಸುವುದೆಂದರೆ ಕಟ್ಟೆಯ ಆಧಾರಕ್ಕೇ ಕೈಹಾಕಿದಂತೆ.

ಫ್ರೀಸ್ಟ್ಯಾಂಡಿಂಗ್ ಯಂತ್ರದ ಎತ್ತರ ಸುಮಾರು 85 ಸೆಂ.ಮೀ. ಹಲವು ಮಾದರಿಗಳಲ್ಲಿ ಮೇಲುಹಲಗೆ ಬಿಚ್ಚಿದರೆ ಎರಡು ಮೂರು ಸೆಂ.ಮೀ. ಇಳಿದು ಕಟ್ಟೆಯಡಿಯೂ ನುಸುಳುತ್ತದೆ. ಹಿಡಿಸದಿದ್ದರೆ ವಾಷ್ ಏರಿಯಾ ಇದ್ದೇ ಇದೆ: ಅಲ್ಲಿ ನಲ್ಲಿ, ನೀರು ಹೋಗುವ ದಾರಿ ಎರಡೂ ಸಿದ್ಧವಾಗಿರುತ್ತವೆ. ಮಳೆ ಎರಚದಂತೆ ಮರೆ, ಒಂದು 16 ಆಂಪಿಯರ್ ಪ್ಲಗ್ಗು, ಇಷ್ಟಾದರೆ ಸಾಕು. ಎರಡರಲ್ಲಿ ಯಾವುದಾದರೂ ಬಾಗಿಲು ಮುಂದಕ್ಕೆ ಸುಮಾರು 60 ಸೆಂ.ಮೀ. ಬೀಳುತ್ತದೆ. ಎರಡೂ ಕಡೆ ಕಟ್ಟೆಯಿರುವ ಇಕ್ಕಟ್ಟಿನ ಅಡುಗೆಮನೆಯಲ್ಲಿ ಅದನ್ನು ತೆರೆದಿಟ್ಟರೆ ಓಡಾಟ ಬಂದ್.

ನೀರಿನ ಮಾತು

ಬೀದರಿನವರ ಮಾಂಜ್ರಾ ನದಿಯೇ ಮುಂದೆ ಹರಿದು ಸಿಂಗೂರು ಜಲಾಶಯ ತುಂಬಿ ಹೈದರಾಬಾದಿಗೆ ಕುಡಿಯುವ ನೀರಾಗುತ್ತದೆ. ಕೃಷ್ಣಾ, ಗೋದಾವರಿಗಳ ನೀರೂ ಬರುತ್ತದೆ. ಈ ನೀರು ನಲ್ಲಿಗೆ ಬರುವ ಮನೆಯವರು ಪುಣ್ಯವಂತರು. ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿದ ಅಪಾರ್ಟ್‌ಮೆಂಟುಗಳಲ್ಲಿ ಗಡಸು ನೀರಿನ ಕಾಟ: ಗಾಜಿನ ಲೋಟದ ಮೇಲೆ ಬಿಳಿ ಪೊರೆ, ಹೀಟರಿನ ಮೇಲೆ ಸುಣ್ಣದ ಹೊಪ್ಪಳಿಕೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಸ್ವೀಕಾರಾರ್ಹ. ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಯಂತ್ರದೊಳಗಿನ ಸಾಫ್ಟ್‌ನರ್ ಈ ಸುಣ್ಣವನ್ನು ಹಿಡಿದಿಡುತ್ತದೆ. ಅದು ಮತ್ತೆ ಮತ್ತೆ ಚುರುಕಾಗಲು ಉಪ್ಪು ಬೇಕು. ಅಡುಗೆಯ ಪುಡಿ ಉಪ್ಪಲ್ಲ, ಡಿಶ್‌ವಾಷರಿಗೆಂದೇ ಬರುವ ಹರಳುಪ್ಪು. ಯುರೋಪಿನ ಕಂಪನಿಗಳು ಗಡಸುತನವನ್ನು ಜರ್ಮನ್ ಡಿಗ್ರಿಯಲ್ಲಿ ಅಳೆಯುತ್ತವೆ. ಒಂದು ಡಿಗ್ರಿ ಎಂದರೆ ಸುಮಾರು 17.8 ಮಿಲಿಗ್ರಾಂ. ನಿಮ್ಮ ನೀರಿನ ವರದಿಯಲ್ಲಿ 500 ಇದ್ದರೆ ಯಂತ್ರವನ್ನು 28ಕ್ಕೆ ಹೊಂದಿಸಬೇಕು. ಕೊಳ್ಳುವ ಮಾದರಿ ಅಷ್ಟನ್ನು ತಾಳುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಬಿಲ್ಟ್-ಇನ್ನೋ ಅಲ್ಲವೋ ಎಂಬುದಕ್ಕಿಂತ ಈ ಪ್ರಶ್ನೆ ದೊಡ್ಡದು.

ಒತ್ತಡದ್ದು ಇನ್ನೊಂದು ತೊಡಕು. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು ಒಂದು ಬಾರ್ ಒತ್ತಡ. ಮೇಲ್ಮಹಡಿಯ ಮನೆಯ ನಲ್ಲಿಗೂ ಟ್ಯಾಂಕಿಗೂ ನಾಲ್ಕು ಮೀಟರ್ ಅಂತರವಿದ್ದರೆ ಸಿಗುವುದು 0.4 ಬಾರ್ ಮಾತ್ರ. ಕನಿಷ್ಠ 0.5 ಬಾರ್ ಕೇಳುವ ಯಂತ್ರ ತಂದರೆ ಪ್ರೆಷರ್ ಪಂಪನ್ನೂ ತರಬೇಕಾಗುತ್ತದೆ.

ಬಾಡಿಗೆ ಮನೆ, ಸ್ವಂತ ಮನೆ

ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬಂದು ಕೊಂಡಾಪುರ, ಮಿಯಾಪುರದಲ್ಲಿ ಬಾಡಿಗೆಗಿರುವವರು ಬಿಲ್ಟ್-ಇನ್ ಕಡೆ ತಿರುಗಿಯೂ ನೋಡಬೇಕಿಲ್ಲ. ಮನೆ ಬದಲಿಸುವಾಗ ಪಕ್ಕದ ಹಾಳೆಯಿಲ್ಲದ ಯಂತ್ರವನ್ನು ಎಲ್ಲಿ ನಿಲ್ಲಿಸುತ್ತೀರಿ? ಸ್ವಂತ ಮನೆ ಕಟ್ಟಿಸುತ್ತಿದ್ದು ಕಟ್ಟೆಯ ಕಲ್ಲು ಇನ್ನೂ ಕೂರದಿದ್ದರೆ ಮಾತ್ರ ಬಿಲ್ಟ್-ಇನ್‌ಗೆ ಅರ್ಥವಿದೆ. ಆಗ ಎತ್ತರ, ನಲ್ಲಿ, ಪ್ಲಗ್ಗು, ಡ್ರೈನ್ ನಾಲ್ಕನ್ನೂ ನಕ್ಷೆಯಲ್ಲೇ ಬರೆಸಿ. ಬಾಗಿಲಿನ ಸ್ಪ್ರಿಂಗು ಇಂತಿಷ್ಟೇ ಭಾರ ಹೊರುತ್ತದೆಂಬುದನ್ನು ಬಡಗಿಗೂ ಹೇಳಿ. ದಪ್ಪ ಪ್ಲೈವುಡ್ ಹಲಗೆ ಬಡಿದರೆ ಬಾಗಿಲು ಧಡಾರನೆ ಬೀಳುತ್ತದೆ.

ಯಾವ ಪಾತ್ರೆ ಒಳಗೆ?

ಪೂರ್ಣ ಗಾತ್ರದ ಯಂತ್ರಕ್ಕೆ ಹೇಳುವ 12ರಿಂದ 14 ಪ್ಲೇಸ್ ಸೆಟ್ಟಿಂಗ್, ಅಂದರೆ ಅಷ್ಟು ಜನರ ಊಟದ ಪಾತ್ರೆ, ಎಂಬುದು ಯುರೋಪಿನ ತಟ್ಟೆ-ಬಟ್ಟಲುಗಳ ಲೆಕ್ಕ. ಒಂದು ಕುಕ್ಕರ್, ಒಂದು ಬಾಣಲೆ, ಬಿರಿಯಾನಿ ಹಂಡಿ ಇಟ್ಟರೆ ಕೆಳಗಿನ ಬುಟ್ಟಿ ಭರ್ತಿ. ಆದ್ದರಿಂದ 45 ಸೆಂ.ಮೀ. ಅಗಲದ ಸಪೂರ ಯಂತ್ರ ನಮ್ಮ ತುಂಬು ಸಂಸಾರಗಳಿಗೆ ಸಾಲದೆಂದೇ ನನ್ನ ಎಣಿಕೆ. ರೊಟ್ಟಿ ಹಂಚು ಒಳಹೋದರೆ ತುಕ್ಕು ಹಿಡಿದು ಬರುತ್ತದೆ, ಅಲ್ಯೂಮಿನಿಯಂ ಕಪ್ಪಾಗುತ್ತದೆ, ಕಲಾಯಿ ಮಾಡಿಸಿದ ಹಿತ್ತಾಳೆ ಕೆಡುತ್ತದೆ. ಮದುವೆಯಲ್ಲಿ ಬಂದ ಬಿದರಿ ಬಟ್ಟಲು ಶೋಕೇಸಿನಲ್ಲೇ ಇರಲಿ.