ಮಾನಸಿಕ ಚಿಕಿತ್ಸಾಲಯಗಳೂ ಸಂದರ್ಶಕ ಪದ್ಧತಿಯೂ: ಗಡಿನಾಡಿನಿಂದ ಒಂದು ಐತಿಹಾಸಿಕ ಅವಲೋಕನ

'ಅಸೈಲಂ' ಎಂಬ ಆಂಗ್ಲ ಶಬ್ದವು ನಮ್ಮ ನೀಲಗಿರಿಗೆ ಹೊಸತಲ್ಲ. ಇಂದು ಲವ್‌ಡೇಲಿನ ಲಾರೆನ್ಸ್ ಶಾಲೆಯೆಂದು ಪ್ರಸಿದ್ಧವಾಗಿರುವ ವಿದ್ಯಾಸಂಸ್ಥೆಯು 1858ರಲ್ಲಿ ಉದಕಮಂಡಲದಲ್ಲಿ ಪ್ರಾರಂಭವಾದಾಗ ಅದರ ಹೆಸರು ಲಾರೆನ್ಸ್ ಅಸೈಲಂ ಎಂದೇ ಇದ್ದಿತು. ಆಂಗ್ಲ ಸೈನಿಕರ ಮಕ್ಕಳಿಗೆ, ವಿಶೇಷವಾಗಿ ಅನಾಥರಿಗೆ, ಆಶ್ರಯವೀಯುವುದು ಅದರ ಉದ್ದೇಶ. ಅದೇ 1858ನೆಯ ಇಸವಿಯಲ್ಲಿ ಬ್ರಿಟಿಷ್ ಇಂಡಿಯಾದ ಸರಕಾರವು ಚಿತ್ತವಿಕಲರನ್ನು ಇರಿಸುವ ಅಸೈಲಂಗಳಿಗಾಗಿ 36ನೆಯ ಕಾಯಿದೆಯನ್ನು ಮಾಡಿತು. ಹೀಗೆ ಒಂದೇ ಶಬ್ದವು ಒಂದು ಕಡೆ ಮಕ್ಕಳ ಆಶ್ರಯವನ್ನೂ ಇನ್ನೊಂದು ಕಡೆ ಬೀಗ ಹಾಕಿದ ಕೋಣೆಯನ್ನೂ ಸೂಚಿಸುತ್ತಿದ್ದಿತು. ಆಶ್ರಯವು ಸೆರೆಯಾಗದಂತೆ ತಡೆಯುವುದು ಯಾವುದೆಂದು ವಿಚಾರಿಸಿದರೆ, ಹೊರಗಿನವರು ಒಳಹೊಕ್ಕು ನೋಡುವ ಏರ್ಪಾಡೇ ಎಂಬ ಉತ್ತರವು ಇತಿಹಾಸದಿಂದ ದೊರೆಯುತ್ತದೆ.

ಈ ಏರ್ಪಾಡಿನ ಅಗತ್ಯವನ್ನು ಹಳೆಯ ಶಾಸನಕಾರರು ಅರಿಯದೆ ಇರಲಿಲ್ಲ. 1912ರ ಇಂಡಿಯನ್ ಲೂನಸಿ ಕಾಯಿದೆಯು ಪ್ರತಿಯೊಂದು ಅಸೈಲಮಿಗೂ ಮೂವರಿಗೆ ಕಡಿಮೆಯಿಲ್ಲದಂತೆ ಸಂದರ್ಶಕರನ್ನು ನೇಮಿಸಬೇಕೆಂದೂ, ಅವರಲ್ಲಿ ಇಬ್ಬರಾದರೂ ತಿಂಗಳಿಗೊಮ್ಮೆ ಕೂಡಿ ಹೋಗಿ ಎಲ್ಲ ಭಾಗಗಳನ್ನೂ ತನಿಖೆ ಮಾಡಬೇಕೆಂದೂ ವಿಧಿಸಿತು. ಆದರೆ ಸೆರೆಮನೆಗಳ ಇನ್‌ಸ್ಪೆಕ್ಟರ್ ಜನರಲರು ಅಧಿಕಾರನಿಮಿತ್ತ ಸಂದರ್ಶಕರಾಗಿದ್ದರೆಂಬುದು ಗಮನಾರ್ಹ. ರೋಗಿಯನ್ನು ಸರಕಾರವು ಯಾವ ದೃಷ್ಟಿಯಿಂದ ನೋಡುತ್ತಿದ್ದಿತೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ನಮ್ಮ ಜಿಲ್ಲೆಯು ಮೂರು ನಾಡುಗಳು ಕೂಡುವ ಎಡೆ. ಗೂಡಲೂರಿನ ಸೀಮೆಯು 1877ರವರೆಗೆ ಮಲಬಾರಿನ ವೈನಾಡಿಗೆ ಸೇರಿದ್ದು, ಅನಂತರ ನೀಲಗಿರಿಗೆ ಬಂದಿತು. ಮಸಿನಗುಡಿಯಿಂದ ದಾರಿಯು ಬಂಡೀಪುರದ ಮೂಲಕ ಮೈಸೂರಿಗೆ ಹೋಗುತ್ತದೆ. ಸುತ್ತಲಿನ ಮೂರು ನಾಡುಗಳಲ್ಲಿಯೂ ಒಂದೊಂದು ಹಳೆಯ ಮನೋರೋಗಾಲಯವಿದೆ: ಮದರಾಸಿನ ಕಿಲ್ಪಾಕಿನಲ್ಲಿ 1871ರಿಂದ, ಕಲ್ಲಿಕೋಟೆಯ ಕುದಿರವಟ್ಟದಲ್ಲಿ 1872ರಿಂದ, ಬೆಂಗಳೂರಿನಲ್ಲಿ ಇವೆರಡಕ್ಕೂ ಮುಂಚೆ 1847ರಿಂದ. ಬೆಂಗಳೂರಿನ ಸಂಸ್ಥೆಯು 1925ರಲ್ಲಿ ಅಸೈಲಂ ಎಂಬ ಹೆಸರನ್ನು ಬಿಟ್ಟು ಮಾನಸಿಕ ಆಸ್ಪತ್ರೆಯೆನಿಸಿತು; 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, 1974ರಲ್ಲಿ ಎರಡೂ ಸೇರಿ ಇಂದಿನ ನಿಮ್ಹಾನ್ಸ್ ಆಯಿತು. ಅದೇ ಕಾಲದಲ್ಲಿ, 1950ರ ದಶಕದಲ್ಲಿ, ಅಮೃತಸರದ ಡಾ. ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಜೊತೆಗೆ ಇರಿಸಿ ಚಿಕಿತ್ಸೆ ಮಾಡಿದರು. ಮನೆಯವರ ಕಣ್ಣೆದುರಿನಲ್ಲಿ ನಡೆಯುವ ಚಿಕಿತ್ಸೆಯಲ್ಲಿ ಕ್ರೌರ್ಯಕ್ಕೆ ಎಡೆ ಕಡಿಮೆ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕಾಯಿದೆಯಿದ್ದರೂ ಕಣ್ಣಿಲ್ಲದಿದ್ದರೆ ಆಗುವುದೇನೆಂಬುದು 2001ನೆಯ ಆಗಸ್ಟ್ 6ರಂದು ನಮ್ಮ ರಾಜ್ಯದಲ್ಲಿಯೇ ಪ್ರಕಟವಾಯಿತು. ರಾಮನಾಥಪುರ ಜಿಲ್ಲೆಯ ಏರವಾಡಿಯ ದರ್ಗಾದ ಸಮೀಪ ಖಾಸಗಿಯವರು ನಡೆಸುತ್ತಿದ್ದ ಆಶ್ರಯದ ಗುಡಿಸಲಿಗೆ ಬೆಂಕಿ ತಗಲಿ 28 ಮಂದಿ ಸತ್ತರು. ಕಾಲಿಗೆ ಸರಪಳಿ ಬಿಗಿದಿದ್ದುದರಿಂದ ಓಡಲು ಅವರಿಗೆ ಸಾಧ್ಯವಾಗಲಿಲ್ಲ. ಇಂತಹ ಮನೆಗಳಿಗೆ ಪರವಾನಗಿ ಬೇಕೆಂದು ವಿಧಿಸಿದ 1987ರ ಮಾನಸಿಕ ಆರೋಗ್ಯ ಕಾಯಿದೆಯು 1993ರಿಂದಲೇ ಜಾರಿಯಲ್ಲಿದ್ದಿತು. ಎಂಟು ವರ್ಷಗಳ ಕಾಲ ಪರವಾನಗಿಯನ್ನು ಕೇಳಿ ಬಾಗಿಲು ತಟ್ಟಿದವರಿಲ್ಲ. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆಯನ್ನು ಕೈಗೊಂಡು, ಎಲ್ಲ ರಾಜ್ಯಗಳೂ ಇಂತಹ ಮನೆಗಳ ಸಮೀಕ್ಷೆ ನಡೆಸಬೇಕೆಂದು ಆಜ್ಞಾಪಿಸಿತು. ಸರಕಾರಿ ಆಸ್ಪತ್ರೆಗಳ ಸ್ಥಿತಿಯಾದರೂ ತೃಪ್ತಿಕರವಾಗಿರಲಿಲ್ಲ. ಎರಡು ವರ್ಷಗಳ ಹಿಂದೆ, 1999ರಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ವರದಿಯು ಹಲವು ಆಸ್ಪತ್ರೆಗಳು ಇನ್ನೂ ಸೆರೆಮನೆಯ ಮಾದರಿಯಲ್ಲಿಯೇ ಇವೆಯೆಂದು ತೋರಿಸಿಕೊಟ್ಟಿದ್ದಿತು.

ಈಗ ನಮಗೆ ನೇರವಾಗಿ ಸಂಬಂಧಿಸಿದ ವಿಷಯಕ್ಕೆ ಬರೋಣ. ಹದಿಹರೆಯದ ರೋಗಿಯ ಪಾಡು ವಯಸ್ಕನದಕ್ಕಿಂತ ಕಷ್ಟದ್ದು. ಅವನನ್ನು ಸೇರಿಸುವವರು ಹಿರಿಯರು. ಅವನು ಬೇಡವೆಂದರೆ ಅದೂ ರೋಗದ ಲಕ್ಷಣವೆನಿಸಬಹುದು. 1987ರ ಕಾಯಿದೆಯು ಸಂದರ್ಶಕರು ತಿಂಗಳಿಗೊಮ್ಮೆ ಅಪ್ರಾಪ್ತವಯಸ್ಕರನ್ನು ನೋಡಬೇಕೆಂದು ಹೇಳಿದ್ದಿತು. ಅದರ ಸ್ಥಾನದಲ್ಲಿ 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಇನ್ನೂ ಮುಂದೆ ಹೋಗಿದೆ. ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳುವ ಮುನ್ನ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ವಯಸ್ಕರಿಂದ ಬೇರೆಯಾಗಿ ಇರಿಸಬೇಕು. ತಮ್ಮವರೊಬ್ಬರು ಸದಾ ಜೊತೆಯಲ್ಲಿರಬೇಕು. 72 ಗಂಟೆಗಳೊಳಗಾಗಿ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. 30 ದಿನ ಮೀರಿದರೆ ಮಂಡಳಿಯು ಏಳು ದಿನಗಳೊಳಗೆ ಕಡ್ಡಾಯವಾಗಿ ಪರಿಶೀಲಿಸಬೇಕು. ಸರಪಳಿಯನ್ನೂ ಏಕಾಂತ ಬಂಧನವನ್ನೂ ಈ ಕಾಯಿದೆಯು ಪೂರ್ಣವಾಗಿ ನಿಷೇಧಿಸಿದೆ. ಕುಡಿತ ಮತ್ತು ಮಾದಕ ವಸ್ತುಗಳ ಚಟ ಬಿಡಿಸಲೆಂದು ರೋಗಿಗಳನ್ನು ಇರಿಸಿಕೊಳ್ಳುವ ಮನೆಗಳೂ ಇದರ ವ್ಯಾಪ್ತಿಗೆ ಬರುತ್ತವೆ.

ಇಷ್ಟಿದ್ದೂ ಗಡಿನಾಡಿನಲ್ಲಿ ಒಂದು ಬಿರುಕು ಉಳಿದಿದೆ. ಆರೋಗ್ಯ ಪ್ರಾಧಿಕಾರವು ರಾಜ್ಯಕ್ಕೊಂದು. ಗೂಡಲೂರಿನ ಹುಡುಗನನ್ನು ಮೈಸೂರಿಗೋ ಕಲ್ಲಿಕೋಟೆಗೋ ಒಯ್ದರೆ, ಅವನನ್ನು ನೋಡಿಕೊಳ್ಳಬೇಕಾದ ಮಂಡಳಿಯು ಬೇರೊಂದು ರಾಜ್ಯದ್ದು. ಅವನ ಊರಿನ ಅಧಿಕಾರಿಗಳಿಗೆ ಅವನ ಸುದ್ದಿ ತಲಪುವುದಿಲ್ಲ. ಭಾಷೆಯ ಮಾತನ್ನೂ ಎಣಿಸಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ವಿಷಯವನ್ನು ತಿಳಿಸಬೇಕೆಂದು ಕಾಯಿದೆಯು ಹೇಳುತ್ತದೆ. ಆದರೆ ಮನೆಯಲ್ಲಿ ಬಡಗ ಮಾತನ್ನೋ ಜೇನುಕುರುಬರ ನುಡಿಯನ್ನೋ ಪಣಿಯರ ನುಡಿಯನ್ನೋ ಆಡುವ ಮಗುವಿನ ಬಳಿಗೆ ಅದನ್ನರಿಯದ ಸಂದರ್ಶಕರು ಬಂದು, ವಹಿಯಲ್ಲಿ ರುಜು ಹಾಕಿ ಹೋದರೆ, ಆ ಮಗುವಿಗೆ ಸಂದರ್ಶನವಾದಂತೆ ಆಯಿತೆ?

ಇಲ್ಲಿಯೇ ಉಪಾಧ್ಯಾಯರ ಕರ್ತವ್ಯವು ಕಾಣುತ್ತದೆ. ಮಗುವಿನ ನುಡಿಯನ್ನೂ ಸ್ವಭಾವವನ್ನೂ ಮನೆಯವರ ಹೊರತು ಬಲ್ಲವರು ನಾವೇ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬಿದ್ದಾಗ ಕಾರಣವನ್ನು ವಿಚಾರಿಸುವ ಅಧಿಕಾರ ನಮಗಿದೆ. ಮಗು ಚಿಕಿತ್ಸೆಗೆ ಹೋಗಿದೆಯೆಂದು ತಿಳಿದರೆ, ಎಲ್ಲಿಗೆ, ಜೊತೆಯಲ್ಲಿ ಯಾರಿದ್ದಾರೆ, ಆ ಮನೆಗೆ ನೋಂದಣಿಯಿದೆಯೆ ಎಂದು ತಾಯಿತಂದೆಗಳನ್ನು ಮರ್ಯಾದೆಯಿಂದ, ಗುಟ್ಟನ್ನು ಕಾಪಾಡಿಕೊಂಡು, ಕೇಳಬಹುದು. ತಿಂಗಳಾದರೂ ಹಿಂತಿರುಗದಿದ್ದರೆ ಮಂಡಳಿಗೆ ಅರ್ಜಿ ಬರೆಯಲು ಅವರಿಗೆ ನೆರವಾಗಬಹುದು. ಗುಣವಾಗಿ ಬಂದ ಮಗುವಿಗೆ ತರಗತಿಯಲ್ಲಿ ಅದರ ಹಳೆಯ ಸ್ಥಾನವನ್ನು ಬಿಡಿಸಿಕೊಟ್ಟು, ಹೀನಾಯದ ಹೆಸರು ಅಂಟದಂತೆ ನೋಡಿಕೊಳ್ಳುವುದಂತೂ ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ.

ಒಳ್ಳೆಯ ವೈದ್ಯರಿಗೂ ಒಳ್ಳೆಯ ಆಸ್ಪತ್ರೆಗಳಿಗೂ ಈ ವಿಚಾರಣೆಯಿಂದ ಹಾನಿಯಿಲ್ಲ. ನಮ್ಮ ಶಾಲೆಗಳಿಗೆ ಇನ್‌ಸ್ಪೆಕ್ಟರರು ಬಂದು ನೋಡಿ ಬರೆದಿಡುವುದನ್ನು ನಾವು ಅವಮಾನವೆಂದು ಭಾವಿಸುವುದಿಲ್ಲ. ನಮ್ಮ ಸಂಘದ ಶಾಖೆಗಳು ಮೂರು ರಾಜ್ಯಗಳ ಮಂಡಳಿಗಳ ವಿಳಾಸಗಳನ್ನು ಸಂಗ್ರಹಿಸಿ ಪ್ರತಿಯೊಂದು ಶಾಲೆಗೂ ತಲಪಿಸುವುದಾದರೆ, ಗಡಿಯ ಬಿರುಕನ್ನು ಮುಚ್ಚುವ ಕೆಲಸಕ್ಕೆ ಅದೇ ಮೊದಲ ಹೆಜ್ಜೆಯಾದೀತು.