ಬೆಕ್ಕಿನ ಮೀಸೆ ಕತ್ತರಿಸಬಾರದೇಕೆ?

ಬೆಕ್ಕಿನ ಮೀಸೆ ಬರಿಯ ಅಂದಕ್ಕಲ್ಲ. ಮೂತಿಯ ಒಂದೊಂದು ಬದಿಗೆ ಸುಮಾರು 12ರಂತೆ ಇರುವ ಈ ದಪ್ಪ ರೋಮಗಳ ಬುಡ ಚರ್ಮದೊಳಗೆ ಆಳಕ್ಕಿಳಿದಿದ್ದು, ಸುತ್ತಲೂ ನರಗಳಿರುತ್ತವೆ. ಗಾಳಿಯ ಸಣ್ಣ ಅಲುಗಾಟವೂ ತಿಳಿಯುತ್ತದೆ. ಕತ್ತಲಲ್ಲಿ ಮೂಟೆಗಳ ಸಂದಿಗೆ ನುಗ್ಗುವಾಗ ಇದೇ ಆಸರೆ.

ದೂರದ ಇಲಿಯನ್ನು ಕಾಣುವ ಬೆಕ್ಕಿಗೆ ಮೂಗಿನೆದುರಿನ ವಸ್ತು ಮಸುಕು! ಇಲಿ ಬಾಯ ಬಳಿ ಬಂದೊಡನೆ ಮೀಸೆ ಮುಂದಕ್ಕೆ ಬಾಗಿ ಕಣ್ಣಿನ ಕೆಲಸ ಮಾಡುತ್ತದೆ. ಮಕ್ಕಳು ಆಟಕ್ಕೆಂದು ಕತ್ತರಿಸಿದರೆ ನೋವೇನೂ ಆಗದು. ಆದರೆ ಮತ್ತೆ ಬೆಳೆಯಲು ವಾರಗಳೇ ಬೇಕು, ಅಲ್ಲಿಯತನಕ ಬೆಕ್ಕು ತಡವರಿಸುತ್ತದೆ. ತಾನಾಗಿ ಒಂದೆರಡು ಉದುರಿದರೆ ಚಿಂತೆ ಬೇಡ.

ಮೀಸೆ ಕೆನ್ನೆಗೆ ಅಂಟಿ, ಕಿವಿ ಹಿಂದಕ್ಕೆ ಮಡಚಿದ್ದರೆ ಬೆಕ್ಕು ಹೆದರಿದೆ ಎಂದರ್ಥ. ಆಗ ಎತ್ತಿಕೊಳ್ಳಲು ಹೋದರೆ ಪರಚುತ್ತದೆ.